ಎತ್ತಿಟ್ಟ ಗಂಟೆ

ಮೊದಲು ಆ ದೀಪ ಮುಟ್ಟು. ಹಂಗಲ್ಲ, ಬೆರಳ ತುದೀಲಿ ಮುಟ್ಟಿದ್ರೆ ಆಣೆ ಆಗಲ್ಲ, ಅಂಗೈ ಪೂರ್ತಿ ಇಡು. ಉರೀತಿಲ್ಲ ಕಣಮ್ಮ, ಸುಡಲ್ಲ. ಈಗ ಹೇಳು, ಯಾರಿಗೂ ಹೇಳಲ್ಲ ಅಂತ. ಗಂಡನಿಗೂ ಹೇಳಲ್ಲ, ಅತ್ತೆಗೂ ಹೇಳಲ್ಲ, ತವರಿಗೆ ಹೋಗಿ ಅಮ್ಮನ ಮಡಿಲಲ್ಲಿ ತಲೆ ಇಟ್ಟಾಗಲೂ ಹೇಳಲ್ಲ ಅಂತ. ಹೂಂ. ಈಗ ಕೂತ್ಕೊ. ಆ ಬಾಗಿಲು ಒಂಚೂರು ಮುಂದೆ ಮಾಡು.

ಈ ಬೀದಿಗೆ ನೀನು ಸೊಸೆಯಾಗಿ ಬಂದು ಇನ್ನೂ ಎಂಟು ದಿನ. ನಿನ್ನೆ ಬಾವಿ ಹತ್ರ ಅಷ್ಟು ಜನರ ಮುಂದೆ, ಅದೇನು ಸದ್ದು, ಯಾರ ಮನೆ ಕರು ತಪ್ಪಿಸ್ಕೊಂಡಿದೆ ಅಂತ ಕೇಳಿಬಿಟ್ಟೆ. ಎಲ್ಲರೂ ಕಣ್ಣು ಮುಚ್ಕೊಂಡ್ರು. ನೀನೊಬ್ಬಳೇ ಬಿಟ್ಕೊಂಡು ನಿಂತಿದ್ದೆ. ಅದಕ್ಕೇ ಹೇಳ್ತಿದೀನಿ. ಗೊತ್ತಿಲ್ಲದೆ ನೋಡಿದೆ ಅಂತ ಒಂದ್ಸಲ ಬಿಡ್ತಾರೆ. ಎರಡನೇ ಸಲ ಬಿಡಲ್ಲ.

ಈ ಊರಲ್ಲಿ ಒಂದು ಕಟ್ಟಳೆ ಇತ್ತು. ಬಿಸಿಲುಕಾಲ ಶುರುವಾಗೋ ದಿನ ಊರು ಒಂದು ಗಂಟೆ ಎತ್ತಿಡೋದು. ಚಳಿಗಾಲ ಶುರುವಾಗೋ ದಿನ ಅದನ್ನ ಇಳಿಸೋದು. ನಡುಬೀದೀಲಿ ಆ ಕಲ್ಲು ಕಂಬ ನೋಡಿದ್ಯಲ್ಲ, ಅದರ ಮೇಲೆ ತೂಗ್ತಿರೋದೂ ಗಂಟೆ, ಕೈಗೆ ಸಿಗದೆ ಹೋಗೋದೂ ಗಂಟೆ. ಎರಡಕ್ಕೂ ಒಂದೇ ಹೆಸರು. ಅದೇ ಮುಂದೆ ಮುಳುವಾಯ್ತು, ಹೇಳ್ತೀನಿ ತಡಿ.

ಎತ್ತಿಡೋ ದಿನ ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಗಂಟೆ ಹೊಡೆಯೋ ಮುದುಕ ಏಣಿ ಏರಿ ಗಂಟೆಯ ನಾಲಿಗೆಗೆ ಹತ್ತಿ ಸುತ್ತಬೇಕು. ಊರಿಗೆ ಊರೇ ಬಾಗಿಲು ಹಾಕ್ಕೊಂಡು, ಕಣ್ಣ ಮೇಲೆ ಬಟ್ಟೆ ಹಾಕ್ಕೊಂಡು ಮಲಗಬೇಕು. ಒಲೆ ಉರಿಯಂಗಿಲ್ಲ, ಹಾಲು ಕರೆಯಂಗಿಲ್ಲ, ಮಾತಾಡಂಗಿಲ್ಲ. ಒಂದು ಹೊಡೆಯೋ ಹೊತ್ತಾದಾಗ ಮುದುಕ ಹತ್ತಿ ಬಿಚ್ಚಿ ಎರಡು ಹೊಡೀತಾನೆ. ಒಂದು ಇಲ್ಲ. ಒಂದನ್ನ ಎತ್ತಿಟ್ಟಾಯ್ತು. ಆ ನಡುವೆ ಆಗಿದ್ದು ಆಗಿಲ್ಲ. ಎದ್ದದ್ದು ಎದ್ದಿಲ್ಲ, ಬಿದ್ದದ್ದು ಬಿದ್ದಿಲ್ಲ, ಅತ್ತದ್ದು ಅತ್ತಿಲ್ಲ. ಚಳಿಗಾಲದ ದಿನ ಒಂದು ಹೊಡೆದು, ಒಂದು ಗಂಟೆ ಬಿಟ್ಟು ಮತ್ತೆ ಒಂದೇ ಹೊಡೀತಾನೆ. ಆ ಎರಡನೇ ಒಂದು ಬಿದ್ದ ಮೇಲೆ, ಆಗದೇ ಇದ್ದದ್ದೆಲ್ಲ ಆಗುತ್ತೆ.

ಹಿಂದೆ ಮಡಕೆ ಮಾಡೋ ಅಜ್ಜ ಒಬ್ಬ ಎತ್ತಿಟ್ಟ ಗಂಟೇಲಿ ಸತ್ತ. ಸುಟ್ಟು ಬೂದಿ ಮಾಡಿದ್ರು, ಆದ್ರೂ ಸತ್ತಿಲ್ಲ. ಅವನ ಹೆಂಡತಿ ಆರು ತಿಂಗಳು ಎರಡು ತಟ್ಟೆ ಹಾಕಿ, ಮುದ್ದೆ ಇಟ್ಟು, ಉಣ್ಣಿ, ಆರಿಹೋಗುತ್ತೆ ಅಂತ ಖಾಲಿ ಮಣೆಗೆ ಹೇಳಬೇಕಿತ್ತು. ಹೇಳದ ದಿನ ಅಕ್ಕಪಕ್ಕದವರು ಬಂದು ಹೇಳಿಸೋರು. ಎರಡನೇ ಒಂದು ಹೊಡೆದ ಮೇಲೆ ಅವಳಿಗೆ ಅಳೋಕೆ ಬಿಟ್ರು. ಅಷ್ಟರಲ್ಲಿ ಅಳು ಬತ್ತಿಹೋಗಿತ್ತಂತೆ. ಆದ್ರೂ ಅತ್ತಳು. ಕಟ್ಟಳೆ ಅಲ್ವಾ.

ಯಾಕೆ ಎತ್ತಿಡೋಕೆ ಶುರು ಮಾಡಿದ್ರು ಅಂತೀಯ? ಬಹಳ ಹಿಂದೆ ಹುಳ ಹಿಡಿಯೋನು ಒಬ್ಬ ಇದ್ದನಂತೆ. ಹಗಲೆಲ್ಲ ಕೆಲಸ, ಕೆಲಸ ಬಿಟ್ಟ ಮೇಲೆ ಬಲೆ ಹಿಡ್ಕೊಂಡು ಚಿಟ್ಟೆ ಹಿಂದೆ. ಓಡೋ ಅಷ್ಟರಲ್ಲಿ ಕತ್ತಲು. ಅವನು ಬಂದು, ಗಂಟೇನ ಒಂಚೂರು ಮುಂದೆ ತಳ್ಳಿ, ಸಂಜೆ ಬೆಳಕು ನನಗೆ ಸಿಗ್ಲಿ ಅಂದ. ಊರು ನಕ್ಕಿತು. ಆಮೇಲೆ ಕುದುರೆ ಯಜಮಾನ ಅಂತ ಒಬ್ಬ. ದಿನಾ ಬೆಳಗ್ಗೆ ಸವಾರಿ ಹೋಗೋನು, ಮುಚ್ಚಿದ ಬಾಗಿಲು ಕಂಡ್ರೆ ಮೈಯೆಲ್ಲ ಉರಿ ಅವನಿಗೆ. ಸೂರ್ಯ ಬಂದು ಬಾಗಿಲಲ್ಲಿ ನಿಂತಿದಾನೆ, ಇವು ಬಿದ್ಕೊಂಡಿವೆ ಅಂತ ಬೈಕೊಂಡು ತಿರುಗೋನು. ಎಬ್ಬಿಸೋಕೆ ಗಂಟೆ ತಳ್ಳಿ ಅಂತ ಸಾಯೋವರೆಗೂ ಹೇಳ್ದ. ಸಾಯೋವರೆಗೂ ಊರು ನಕ್ಕಿತು.

ಅವನು ಸತ್ತ ಮೇಲೆ ಹೊಳೆಯಾಚೆ ಯುದ್ಧ ಬಂತು. ಎಣ್ಣೆ ಬರೋದು ನಿಂತಿತು. ಆಗ ಯಾರೂ ನಗಲಿಲ್ಲ. ಸಂಜೆ ದೀಪ ಒಂದು ಗಂಟೆ ತಡವಾಗಿ ಹಚ್ಚಿದ್ರೆ ಎಣ್ಣೆ ಉಳಿಯುತ್ತೆ ಅಂತ ದೊಡ್ಡೋರು ಎತ್ತಿಟ್ರು. ಯುದ್ಧ ಮುಗೀತು, ಎಣ್ಣೆ ಬಂತು, ಎತ್ತಿಡೋದು ಮಾತ್ರ ನಿಲ್ಲಲಿಲ್ಲ. ಎಣ್ಣೆ ನಿಜಕ್ಕೂ ಉಳೀತಾ ಅಂದ್ರೆ ಯಾರೂ ಅಳೆದು ನೋಡಿಲ್ಲ. ಅಳೆಯೋಕೆ ಹೋದವರ ಬಾಯಿ ಮುಚ್ಚಿಸಿದ್ರು.

ಈ ಊರಿಗೆಲ್ಲ ಬತ್ತಿ ಕೊಡೋಳು ಒಬ್ಬಳಿದ್ದಳು. ಬತ್ತಿ ಹೊಸೆಯೋಳು ಅಂತಲೇ ಕರೆಯೋದು. ಹತ್ತಿ ಎಳೆದು, ತೊಡೆ ಮೇಲೆ ಒಂದೇ ಉಜ್ಜು, ಬತ್ತಿ. ಉಜ್ಜಿ ಉಜ್ಜಿ ಅವಳ ತೊಡೆ ಒರಳುಕಲ್ಲಿನ ಹೊಟ್ಟೆ ಹಂಗೆ ನುಣ್ಣಗಾಗಿತ್ತು. ಗಂಟೆಯ ನಾಲಿಗೆಗೆ ಸುತ್ತೋ ಹತ್ತೀನೂ ಅವಳದೇ. ದೀಪ ತಡವಾಗಿ ಹಚ್ಚಿದ್ರೆ ಬತ್ತಿ ಯಾರು ಕೊಳ್ತಾರೆ? ಅದಕ್ಕೆ ವರ್ಷ ವರ್ಷ ಎತ್ತಿಡೋ ದಿನ ಕಂಬದ ಕೆಳಗೆ ಸೊಂಟಕ್ಕೆ ಕೈ ಇಟ್ಕೊಂಡು ನಿಂತುಬಿಡೋಳು. "ಸೂರ್ಯನ ಕಿವಿಗೆ ನಿಮ್ಮ ಗಂಟೆ ಕೇಳ್ಸುತ್ತೇನ್ರಪ್ಪಾ? ಮುಟ್ಟಬೇಡಿ ಅದನ್ನ. ಇದ್ದಂಗೆ ಇರ್ಲಿ ಬಿಡಿ," ಅನ್ನೋಳು. ಹಾಲು ಕರೆಯೋರು ಅವಳ ಕಡೆ. ಹಸುವಿಗೆ ಗಂಟೆ ಗೊತ್ತಿಲ್ಲ, ಕೆಚ್ಚಲು ಗೊತ್ತು ಅಷ್ಟೇ ಅಂತ ಅವರ ವಾದ. ಅಂಗಡಿಯೋರು ಇನ್ನೊಂದು ಕಡೆ, ಸಂಜೆ ಬೆಳಕಿದ್ರೆ ಜನ ಹೊರಗೆ ಬರ್ತಾರೆ, ಬಂದೋರು ಏನಾದ್ರೂ ಕೊಳ್ತಾರೆ. ಎರಡು ಕಡೆಯೋರೂ ಗಂಟಲು ಹರ್ಕೊಂಡು ಮನೆಗೆ ಹೋಗೋರು. ಮುದುಕ ಏಣಿ ಹತ್ತೋನು. ಅವನಿಗೆ ಗಂಟೆ ಹೊಡೆದೂ ಹೊಡೆದೂ ಕಿವಿ ಹೋಗಿತ್ತು, ಯಾವ ವಾದವೂ ಕೇಳಿಸ್ತಿರಲಿಲ್ಲ.

ಒಂದು ವರ್ಷ ಎತ್ತಿಡೋ ದಿನ ಬತ್ತಿ ಹೊಸೆಯೋಳು ಕಂಬದ ಹತ್ರ ಬರ್ಲಿಲ್ಲ. ಬಸುರಿ, ದಿನ ತುಂಬಿತ್ತು. ಗಂಡ ಅನ್ನೋನು ಹತ್ತಿ ತರ್ತೀನಿ ಅಂತ ಹೊಳೆಯಾಚೆ ಹೋದೋನು, ಹೋದ್ನೋ ಓಡಿಹೋದ್ನೋ, ಬರ್ಲೇ ಇಲ್ಲ. ಬೆಳಗ್ಗೆ ನೋವು ಕಾಣಿಸ್ತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ, ಸಂಜೆಗೆ, ಯೋಚನೆ ಬೇಡ ಅಂದ್ಲು. ಕೂಸಿಗೆ ಸೂಲಗಿತ್ತಿ ಮಾತು ಕೇಳಿಸಬೇಕಲ್ಲ. ಹನ್ನೆರಡು ಹೊಡೀತು. ಬೀದೀಲಿ ಒಂದೊಂದೇ ಬಾಗಿಲು ಮುಚ್ಚಿತು. ನಾಲಿಗೆಗೆ ಹತ್ತಿ ಸುತ್ತಾಯ್ತು. ಕೂಸು ಕೆಳಗೆ ಇಳಿಯೋಕೆ ಶುರು ಮಾಡ್ತು.

ಸೂಲಗಿತ್ತಿ ಅವಳ ಎರಡೂ ಮಂಡಿ ಕೂಡಿಸಿ ಒತ್ತಿ ಹಿಡಿದ್ಲು. ಬಾಯಲ್ಲಿ ಸೆರಗು ತುರುಕಿದ್ಲು. ಕಿವೀಲಿ ಮೆಲ್ಲಗೆ, "ತಡ್ಕೊ ತಾಯಿ, ಇನ್ನೊಂಚೂರು ತಡ್ಕೊ. ಎರಡು ಹೊಡೀಲಿ, ಆಮೇಲೆ ಬಿಡುವೆಯಂತೆ," ಅಂದ್ಲು. ಬತ್ತಿ ಹೊಸೆಯೋಳು ತಡ್ಕೊಂಡಳು. ಎಷ್ಟು ತಡ್ಕೊಳ್ಳೋಕಾಗುತ್ತೆ? ಒಂದು ಎಲೆಅಡಿಕೆ ಅಗಿದು ಉಗುಳೋಷ್ಟು ಹೊತ್ತು ಬಾಕಿ ಇತ್ತು ಅಷ್ಟೇ. ಕೂಸು ಬಂದುಬಿಡ್ತು. ಬಂದಿದ್ದು ಬಂತು, ಒಂದ್ಸಲ ಅತ್ತುಬಿಡ್ತು. ಸೂಲಗಿತ್ತಿ ಅದರ ಬಾಯಿ ಅಂಗೈಲಿ ಮುಚ್ಚಿ ಹಿಡ್ಕೊಂಡು ಕೂತಳು. ಎರಡು ಹೊಡೀತು. ಕೈ ತೆಗೆದ್ಲು. ಮತ್ತೆ ಅತ್ತಿತು. ಈಗ ಹುಟ್ಟಿತು ಅಂತ ಹೇಳೋಣ, ಹೆಣ್ಣು, ಎರಡು ಹೊಡೆದ ಮೇಲೆ ಹುಟ್ಟಿದ್ದು ಅಂತ ಇಬ್ಬರೂ ಮಾತಾಡ್ಕೊಂಡ್ರು.

ಆದ್ರೆ ಪಕ್ಕದ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗೋಡೇಲಿ ದೀಪದ ಗೂಡು, ಎರಡು ಕಡೆಗೂ ತೂತು. ಪಕ್ಕದ ಮನೆಯವಳು ಕಣ್ಣ ಮೇಲೆ ಬಟ್ಟೆ ಹಾಕ್ಕೊಂಡೇ ಮಲಗಿದ್ಲು, ಕಿವಿ ಮೇಲೆ ಹಾಕ್ಕೊಂಡಿರಲಿಲ್ಲ. ಎರಡು ಹೊಡೆದ ಮೇಲೆ ಮೆಣಸಿನ ಸಾರು ಕಾಯಿಸ್ಕೊಂಡು ಹೋದಳು. ಒಳ್ಳೇಳೇ ಅವಳು, ಸಾರು ಬಿಸಿಯಾಗೇ ಇತ್ತು. ಬತ್ತಿ ಹೊಸೆಯೋಳು ಅವಳ ಕೈ ಹಿಡಿದು ದೀಪದ ಮೇಲೆ ಇಡಿಸಿ, ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸಿದ್ಲು. ಪಕ್ಕದ ಮನೆಯವಳು ಹಾಕಿದ್ಲು. ಸಂಜೆ ಒಳಗೆ ಮೂರು ಮನೆಗೆ ಹೇಳಿದ್ಲು. ಸುಮ್ಮನೆ ಹೇಳ್ಲಿಲ್ಲ ಮತ್ತೆ, ಮೂವರ ಹತ್ರಾನೂ ಆಣೆ ಹಾಕಿಸ್ಕೊಂಡೇ ಹೇಳಿದ್ಲು.

ಮಾರನೇ ದಿನ ಊರ ಯಜಮಾನರು ನಾಲ್ಕು ಜನರ ಜೊತೆ ಬಂದ್ರು. ಕೆಟ್ಟೋರಲ್ಲ, ಮಾತು ಬೆಣ್ಣೆ. ತೊಟ್ಟಿಲ ಹತ್ರ ಬಗ್ಗಿದ್ರು. ಕೂಸು ಅವರ ಕಿರುಬೆರಳು ಹಿಡ್ಕೊಂಡಿತು. ಯಜಮಾನರು ಬೆರಳು ಬಿಡಿಸ್ಕೊಂಡು, ಪಂಚೆಗೆ ಒರೆಸ್ಕೊಂಡು, "ತೊಟ್ಟಿಲು ಚೆನ್ನಾಗಿದೆ ಕಣಮ್ಮ. ಹಲಸಿನ ಮರದ್ದಾ? ಖಾಲಿ ಇದ್ರೂ ಲಕ್ಷಣವಾಗಿದೆ," ಅಂದ್ರು. ಬಂದಿದ್ದ ನಾಲ್ಕು ಜನವೂ ತೊಟ್ಟಿಲು ಹೊಗಳಿದ್ರು. ಬತ್ತಿ ಹೊಸೆಯೋಳು ಕಾಲಿಗೆ ಬಿದ್ದಳು. ಆರು ತಿಂಗಳು ತಾನೇ, ಗಂಟೆ ಇಳಿಸಿದ ದಿನ ಹುಟ್ಟುತ್ತೆ, ಅವತ್ತು ನಾನೇ ಬೆಲ್ಲ ಹಂಚ್ತೀನಿ ಅಂತ ಸಮಾಧಾನ ಹೇಳಿ ಹೋದ್ರು.

ಅವತ್ತಿಂದ ಕೂಸು ಇಲ್ಲ. ಬತ್ತಿಗೆ ಬಂದ ಹೆಂಗಸರು ಅದು ಮಲಗಿದ್ದ ಚಾಪೆ ಮೇಲೇ ಬುಟ್ಟಿ ಇಡೋರು. ಅತ್ತರೆ, ನಿಮ್ಮ ಮನೇಲಿ ಬೆಕ್ಕು ಸೇರ್ಕೊಂಡಿದೆಯಾ ಅನ್ನೋರು. ಮೈ ಸುಡೋ ಜ್ವರ ಬಂದಾಗ ವೈದ್ಯ ಬಂದ, ತಾಯಿಯ ನಾಡಿ ಹಿಡಿದ, ನಿನಗೆ ಜ್ವರ ಇಲ್ಲವಲ್ಲ ಅಂತ ಎದ್ದು ಹೋದ. ಅವಳು ಜಗಳ ಆಡ್ಲಿಲ್ಲ. ದಿನಕ್ಕೊಂದು ಬತ್ತಿ ಹೊಸೆದು ಗೂಡಲ್ಲಿ ಬೇರೆ ಇಡೋಳು. ಗೂಡು ತುಂಬ್ತಾ ಬಂದಷ್ಟೂ ಮುಖ ಅರಳ್ತಾ ಇತ್ತು. ಮನಸ್ಸಲ್ಲಿ ಒಂದು ಹೆಸರು ಇಟ್ಕೊಂಡಿದ್ಲು. ಬಾಯಿಗೆ ತರ್ತಿರಲಿಲ್ಲ. ಇಲ್ಲದ ಕೂಸಿಗೆ ಹೆಸರು ಹೇಳಿದ್ರೆ ಹೆಸರೂ ಇಲ್ಲವಾಗುತ್ತೆ ಅಂತ ಭಯ.

ಅದೇ ವರ್ಷ ಊರಿಗೆ ಗಂಟೆ ಸಾಕಾಗಿಹೋಯ್ತು. ಎತ್ತಿಟ್ಟ ವಾರದಲ್ಲಿ ಮೂರು ಜನರ ಎದೆ ನಿಂತಿತ್ತು. ನಿದ್ದೆ ಕೆಟ್ಟು ಗುಂಡಿಗೆ ಒಡೆಯುತ್ತೆ ಅಂದ ವೈದ್ಯ. ಕತ್ತಲೇಲಿ ಮಕ್ಕಳನ್ನ ಎಬ್ಬಿಸಿ ಸಾಕಾಗಿದೆ ಅಂದ್ರು ತಾಯಂದಿರು. ಹಾಲಿನೋರು, ಅಂಗಡಿಯೋರು ಮತ್ತೆ ಕಿತ್ತಾಡಿದ್ರು. ಎತ್ತಿಟ್ಟ ಗಂಟೆ ಇಳಿಸಿ ಆಮೇಲೆ ನಿಲ್ಲಿಸಿ ಅಂದ್ರು ಇವರು, ಇಳಿಸೋದೇ ಬೇಡ ಅಂದ್ರು ಅವರು. ನಾಲ್ಕು ದಿನ ಜಗಳ. ಕೊನೆಗೆ ಎಲ್ಲರೂ ಒಪ್ಪಿದ ಮಾತು ಒಂದೇ, ಇನ್ನು ಮುಟ್ಟೋದು ಬೇಡ. ಎಲ್ಲಿದೆಯೋ ಅಲ್ಲೇ ಇರ್ಲಿ. ಇದ್ದಂಗೆ ಇರ್ಲಿ ಬಿಡಿ.

ಆ ಜಗಳಕ್ಕೆ ಬತ್ತಿ ಹೊಸೆಯೋಳು ಹೋಗಿರಲಿಲ್ಲ. ಕೂಸನ್ನ ಎಲ್ಲಿ ಬಿಟ್ಟು ಹೋಗೋದು? ಇಲ್ಲದ ಕೂಸನ್ನ ನೋಡ್ಕೊಳ್ಳಿ ಅಂತ ಯಾರಿಗೆ ಹೇಳೋದು? ಊರಿಂದ ಮನೆಗೊಂದರಂತೆ ಬತ್ತಿ ಬೇಕು, ಕಂಬದ ಹತ್ರ ಹಚ್ಚೋಕೆ ಅಂತ ಹೇಳಿ ಕಳಿಸಿದ್ರು. ಇಳಿಸೋ ದಿನದ ಹಬ್ಬಕ್ಕೆ ಅಂದ್ಕೊಂಡಳು. ಪಕ್ಕದ ಮನೆಯವಳಿಗೆ ಗೊತ್ತಿತ್ತು. ಅವಳು ಮಾತ್ರ ಅವತ್ತು ಬಾಯಿ ಬಿಡಲಿಲ್ಲ. ಬತ್ತಿ ಹೊಸೆಯೋಳು ಹೊಸ ಹತ್ತಿ ತೆಗೆದು, ಬೀಜ ಆರಿಸಿ, ಎರಡೆಳೆ ಕೂಡಿಸಿ, ಗಾಳಿಗೆ ಜಗ್ಗದ ಹಂಗೆ ಹೊಸೆದಳು. ತೊಡೆ ಚರ್ಮ ಕೆಂಪಾಗಿ ಕಿತ್ತುಬಂದಿತ್ತು. ಅಂಥ ಬತ್ತಿ ಈ ಊರು ಮೊದಲು ಕಂಡಿರಲಿಲ್ಲ.

ಇಳಿಸೋ ದಿನ ಕೂಸಿಗೆ ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಸುತ್ತಿ ಎತ್ಕೊಂಡು ಬಂದಳು. ಬಿಸಿಲಲ್ಲಿ ಸಾಲಾಗಿ ಹಣತೆ. ಯಜಮಾನರು, ಗಂಟೆ ಇನ್ನು ಮುಟ್ಟಬಾರದು ಅನ್ನೋರು ತಮ್ಮ ತಮ್ಮ ದೀಪ ಹಚ್ಚಿ ಅಂದ್ರು. ಅವಳಿಗೆ ಆಗ ತಿಳೀತು. ಮನೆ ಮನೆಯೋರೂ ಬಂದು ಹಚ್ಚಿದ್ರು. ಹಗಲಲ್ಲಿ ಉರಿ ಕಾಣಲ್ಲ ಅಲ್ವಾ, ಗಂಟೆ ಮುದುಕ ಒಂದೊಂದರ ಮೇಲೂ ಕೈ ಹಿಡಿದು ಬಿಸಿ ನೋಡ್ಕೊಂಡು ಬಂದ. ನಡುವೆ ಒಂದು ಗಾಳಿ ಬೀಸಿತು. ಒಂದಾದ್ರೂ ಆರ್ಲಿ ಅಂತ ಅವಳು ತುಟಿ ಕಚ್ಕೊಂಡು ನೋಡಿದ್ಲು. ಅವಳ ಕೈಯ ಬತ್ತಿ. ಒಂದೂ ಆರಲಿಲ್ಲ.

"ನನ್ನ ಗಂಟೆ ಇಳಿಸಿ ಕೊಟ್ಟು ಆಮೇಲೆ ಮುಟ್ಟಬೇಡಿ," ಅಂದ್ಲು.

ಹಾಲಿನೋನು ಒಬ್ಬ, ಹಿಂದೆ ಅವಳ ಕಡೆ ನಿಂತು ಕೂಗ್ತಿದ್ದೋನೇ, "ವರ್ಷ ವರ್ಷ ನೀನೇ ಹೇಳ್ತಿದ್ದೆಯಲ್ಲಕ್ಕ, ಇದ್ದಂಗೆ ಇರ್ಲಿ ಬಿಡಿ ಅಂತ," ಅಂದ. ಕಂಬದ ಸುತ್ತ ನಗು ಎದ್ದಿತು. ಹುಳ ಹಿಡಿಯೋನಿಗೆ ನಕ್ಕ ಹಂಗೆ, ಕುದುರೆಯೋನಿಗೆ ನಕ್ಕ ಹಂಗೆ. ಒಬ್ಬಳಿಗೋಸ್ಕರ ಇಳಿಸಿದ್ರೆ ನಾಳೆ ಇನ್ನೊಬ್ಬರು ಬರ್ತಾರೆ ಅಂದ್ರು. ನಿದ್ದೆ ಕೆಟ್ಟು ಇನ್ನೊಂದು ಎದೆ ನಿಂತ್ರೆ ಯಾರು ಹೊಣೆ ಅಂದ ವೈದ್ಯ. ಎಲ್ಲ ನ್ಯಾಯವಾದ ಮಾತೇ. ಅವಳು ಕಂಬ ಅಪ್ಪಿ ಹಿಡ್ಕೊಂಡು, "ನನ್ನ ಗಂಟೆ ನನಗೆ ಕೊಡಿ," ಅಂತ ಅದೊಂದೇ ಮಾತು ಹೇಳ್ತಾ ಕೂತಳು. ದೀಪ ಎಣ್ಣೆ ತೀರೋವರೆಗೂ ಉರಿದ್ವು. ಅವಳ ದನಿ ಅದಕ್ಕಿಂತ ಮೊದಲೇ ತೀರಿತು.

ಯಜಮಾನರಿಗೆ ಕರುಳು ಚುರ್ ಅಂತು. ಮಾರನೇ ದಿನ ಹಿತ್ತಾಳೆದು, ಕರುವಿನ ಕೊರಳಿಗೆ ಕಟ್ತಾರಲ್ಲ ಅಂಥದು, ಒಂದು ಪುಟ್ಟ ಗಂಟೆ ತಂದ್ರು. "ಗಂಟೆ ಕೇಳಿದ್ಯಲ್ಲಮ್ಮ, ತಗೋ," ಅಂದ್ರು. ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ತೊಟ್ಟಿಲಲ್ಲಿ ಕೈಯಾಡಿಸಿ, ಕೊರಳು ಎಲ್ಲಿದೆ ಅಂತ ತಡವಿ ಹುಡುಕಿ, ಕೆಂಪು ದಾರದಲ್ಲಿ ಕಟ್ಟಿದ್ರು. ಬೆಳೆದಷ್ಟೂ ದಾರ ಸಡಿಲ ಮಾಡೋಕೆ ತಾಯಿಗೆ ಅಪ್ಪಣೆ ಕೊಟ್ರು. ಕೇಳಿದ್ದು ಗಂಟೆ, ಕೊಟ್ಟಿದ್ದು ಗಂಟೆ, ಇನ್ನು ಊರ ಮೇಲೆ ಮಾತಿಲ್ಲ ಅಂತ ಎಲ್ಲರೂ ಅಂದ್ರು. ಅನುಕೂಲವೂ ಆಯ್ತು. ಗಂಟೆ ಇಲ್ಲದಿದ್ರೆ ಕಾಲಿಗೆ ತೊಡರೋದು. ಈಗ ಸದ್ದು ಕೇಳಿದ ತಕ್ಷಣ ಪಕ್ಕಕ್ಕೆ ಸರಿದು ಕಣ್ಣು ಮುಚ್ಕೊಂಡ್ರೆ ಆಯ್ತು.

ಹಂಗೇ ವರ್ಷಗಳು ಕಳೆದ್ವು. ಅದು ಅಂಬೆಗಾಲಿಟ್ಟಿತು, ನಡೀತು. ಮಕ್ಕಳು ಆಡೋ ಕಡೆ ಹೋಗಿ ನಿಂತ್ರೆ ಮಕ್ಕಳು ಕಣ್ಣು ಮುಚ್ಕೊಂಡು ನೂರರವರೆಗೆ ಎಣಿಸೋರು. ಅದಕ್ಕೆ ಅದೂ ಒಂದು ಆಟ ಅನ್ನಿಸ್ತು. ಓಡಿಹೋಗಿ ಬಚ್ಚಿಟ್ಕೊಳ್ಳೋದು. ಸಂಜೆವರೆಗೂ ಹುಲ್ಲಿನ ಮೆದೆ ಹಿಂದೆ ಉಸಿರು ಹಿಡ್ಕೊಂಡು ಕೂತಿರೋದು. ಯಾರೂ ಹುಡುಕ್ತಿರಲಿಲ್ಲ.

ಕಟ್ಟಳೆ ಬಲಿತುಬಿಡುತ್ತೆ ಕಣಮ್ಮ. ಒಂದು ದಿನ ಬತ್ತಿ ಹೊಸೆಯೋಳು ನೀರಿನ ಕೊಡ ಹೊತ್ಕೊಂಡು ಬರ್ತಿದ್ಲು. ಹಿಂದಿನಿಂದ ಗಂಟೆ ಸದ್ದು ಕೇಳಿಸ್ತು. ಅವಳು ಪಕ್ಕಕ್ಕೆ ಸರಿದು ಕಣ್ಣು ಮುಚ್ಕೊಂಡಳು. ಒಂದು ಉಸಿರು ಎಳೆಯೋಷ್ಟು ಹೊತ್ತು, ಅಷ್ಟೇ. ಕಣ್ಣು ಬಿಟ್ಟಾಗ ಅದು ಮುಂದೆ ನಿಂತು ಅವಳ ಮುಖ ನೋಡ್ತಿತ್ತು. ಕೊಡ ಕೈಜಾರಿತು. ಅವತ್ತು ಹಾಸಿಗೆ ಹಿಡಿದವಳು ಏಳಲಿಲ್ಲ.

ಸಾಯೋಕೆ ಮುಂಚೆ ಗೂಡಿನ ತೂತಿಂದ ಪಕ್ಕದ ಮನೆಯವಳನ್ನ ಕರೆದ್ಲು. ಕೂಸನ್ನ ನಾನೇ ಹೆಸರು ಹಿಡಿದು ಕರೆದ್ರೆ ಊರು ಒಪ್ಪಲ್ಲ, ತಾಯಂದಿರು ಖಾಲಿ ತೊಟ್ಟಿಲಿಗೂ ಲಾಲಿ ಹೇಳ್ತಾರೆ ಅಂತಾರೆ. ಬೀದಿಯ ನಾಲ್ಕು ಬಾಯಿಗೆ ಹೆಸರು ಬಿದ್ದು, ಅದು ಓ ಅಂದ್ರೆ, ಆಗ ಇಲ್ಲ ಅನ್ನೋಕೆ ಊರಿಗೂ ಆಗಲ್ಲ ಅಂದ್ಲು. ಆಮೇಲೆ ಕಿವೀಲಿ ಆ ಹೆಸರು ಹೇಳಿದ್ಲು. ಹೇಳಿ, ಪಕ್ಕದ ಮನೆಯವಳ ಕೈ ಎಳೆದು ದೀಪದ ಮೇಲೆ ಇಡಿಸಿ, "ಇದನ್ನ ಮಾತ್ರ ಯಾರಿಗೂ ಹೇಳ್ಬೇಡ," ಅಂತ ಆಣೆ ಹಾಕಿಸಿದ್ಲು. ಹಂಗೆ ಆಣೆ ಹಾಕಿಸ್ತಾ ನಗ್ತಿದ್ಲು. ಯಾಕೆ ನಗ್ತಿದ್ಲು ಗೊತ್ತಾಯ್ತಾ? ಇವಳ ಬಾಯಿ ಅವಳಿಗೆ ಗೊತ್ತಿತ್ತು. ಸಂಜೆ ಒಳಗೆ ಮೂರು ಮನೆ ಮುಟ್ಟುತ್ತೆ, ಬೆಳಗಾಗೋ ಅಷ್ಟರಲ್ಲಿ ಮಗು ಹುಟ್ಟಿರುತ್ತೆ ಅಂದ್ಕೊಂಡು ಸಮಾಧಾನವಾಗಿ ಕಣ್ಣು ಮುಚ್ಚಿದ್ಲು.

ಹೇಳ್ಬೇಡ ಅಂದಿದ್ದನ್ನೆಲ್ಲ ಹೇಳಿದ್ದ ಪಕ್ಕದ ಮನೆಯವಳು ಅದೊಂದನ್ನ ಹೇಳಲಿಲ್ಲ. ಇಲ್ಲದ್ದನ್ನ ಹೆಸರು ಹಿಡಿದು ಕರೆದವರೂ ಇಲ್ಲ ಅಂತ ಯಜಮಾನರು ಅಷ್ಟರಲ್ಲಿ ಸಾರಿಸಿಬಿಟ್ಟಿದ್ರು. ಅವಳಿಗೂ ಒಂದು ಕೊರಳು ಇದೆ ಅಲ್ವಾ. ನಾಲಿಗೆಗೆ ಹತ್ತಿ ಸುತ್ಕೊಂಡ ಹಂಗೆ ಕೂತುಬಿಟ್ಲು. ಎರಡು ಚಳಿಗಾಲ ಆಯ್ತು.

ಈಗ ಅದು ಮಧ್ಯಾಹ್ನ ಮಧ್ಯಾಹ್ನ ಒಂದೊಂದು ಬಾಗಿಲಿಗೂ ಬಂದು ನಿಲ್ಲುತ್ತೆ. ಬೇಡಲ್ಲ, ಅಳಲ್ಲ, ನಿಲ್ಲುತ್ತೆ. ಜನ ನಾಯಿಗೆ ಅಂತ ಅನ್ನ ಹೊರಗೆ ಇಡ್ತಾರೆ. ನಾಯಿ ಇಲ್ಲದ ಮನೆಯೋರೂ ಇಡ್ತಾರೆ. ಪಕ್ಕದ ಮನೆ ಬಾಗಿಲಲ್ಲಿ ಮಾತ್ರ ಜಾಸ್ತಿ ಹೊತ್ತು ನಿಲ್ಲುತ್ತೆ. ತನ್ನ ಹೆಸರು ಇಲ್ಲೇ ಇದೆ ಅಂತ ಅದಕ್ಕೆ ಯಾರು ಹೇಳಿದ್ರೋ.

ಯಾಕೆ ಹಂಗೆ ನನ್ನ ಮುಖ ನೋಡ್ತೀಯ? ಗೋಡೇಲಿ ಗೂಡು ಯಾರ ಮನೇಲಿರಲ್ಲ? ಕೇಳು. ನೀನು ಆಣೆ ಮಾಡಿದೀಯ. ನಿನ್ನ ಬಾಯಿ ಚಿಕ್ಕದು, ಹೊಸಬಳು, ಗೊತ್ತಿಲ್ಲದೆ ಕರೆದೆ ಅಂತ ನಿನ್ನನ್ನ ಬಿಟ್ಟರೂ ಬಿಡಬಹುದು. ನಿನಗೊಬ್ಬಳಿಗೆ ಹೇಳಿಬಿಡ್ತೀನಿ. ಹತ್ತಿರ ಬಾ, ಕಿವಿ ಕೊಡು. ಆ ಹೆಸರು—

ತಡಿ.

ಕೇಳಿಸ್ತಾ? ಜಗಲಿ ಹತ್ತಿತು. ಅಲುಗಬೇಡ. ಬಾಗಿಲ ಕಡೆ ನೋಡಬೇಡ, ಕಣ್ಣು ಮುಚ್ಕೊ, ಗಟ್ಟಿಯಾಗಿ ಮುಚ್ಕೊ. ಯಾರೂ ಅಲ್ಲ. ಯಾರೂ ಬಂದಿಲ್ಲ.